ಇಟಲಿಯ ಕೊನೆಯ ರೇಸು, ನಮ್ಮ ಘಟ್ಟದ ಬಸ್ಸು

ಅವರ ಬಲಗೈಯ ಮಣಿಕಟ್ಟು ಸೊಟ್ಟಗಿತ್ತು. ಬಸ್ಸಿನ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಿ ಇಂಜಿನ್ ಚಾಲೂ ಮಾಡುವ ಕಾಲ ಅದು. ಒಂದು ಚಳಿಗಾಲದ ಬೆಳಿಗ್ಗೆ ಹ್ಯಾಂಡಲ್ ತಿರುಗಿ ಹೊಡೆದು ಎಲುಬು ಮುರಿಯಿತಂತೆ. ನಾಟಿ ವೈದ್ಯರು ಕಟ್ಟಿದ ಕೈ ಕೂಡಿತು, ಆದರೆ ಹೊರಮುಖವಾಗಿ ಕೂಡಿತು. ಚಹಾದ ಗ್ಲಾಸು ಎತ್ತಿದರೆ ಅದು ಅವರ ಬಾಯಿಗೆ ಹೋಗುವ ಬದಲು ಪಕ್ಕದವನ ಬಾಯಿಗೆ ಹೊರಟ ಹಾಗೆ ಕಾಣುತ್ತಿತ್ತು. ಹೊಸಬರು ಗಾಬರಿಯಿಂದ ಹಿಂದೆ ಸರಿಯುತ್ತಿದ್ದರು. ‘ಹೆದರಬೇಡಿ, ನಿಮಗೆ ಕುಡಿಸೂದಿಲ್ಲ’ ಎಂದು ಅವರು ನಗದೆ ಹೇಳುತ್ತಿದ್ದರು.

ಶಿರಸಿಯಲ್ಲಿ ಎಲ್ಲರಿಗೂ ಅವರು ಡ್ರೈವರ್ ಸಾಹೇಬರು. ನಾನು ಸಿದ್ದಾಪುರದ ಕಡೆಯವನು. ಮ್ಯಾಟ್ರಿಕ್ ಮುಗಿಸಿ, ಮುಂದೆ ಓದುವ ಉಮೇದೂ ಇಲ್ಲದೆ, ಮನೆಯಲ್ಲಿ ಕೂರುವ ಧೈರ್ಯವೂ ಇಲ್ಲದೆ ಶಿರಸಿಯ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಬುಕಿಂಗ್ ಕ್ಲಾರ್ಕನಾಗಿ ಸೇರಿದ್ದೆ. ಕಂಪನಿ ಎಂದರೆ ಎರಡು ಬಸ್ಸು, ಒಂದು ತಗಡಿನ ಶೆಡ್ಡು, ಒಬ್ಬರು ಧಣಿ. ಸಾಹೇಬರಿಗೆ ಆಗಲೇ ಐವತ್ತರ ಹತ್ತಿರ. ನನಗೆ ಇಪ್ಪತ್ತನಾಲ್ಕು. ಹೀಗಿದ್ದೂ ಅವರು ನನ್ನನ್ನು ಬಹುವಚನದಲ್ಲೇ ಕರೆಯುತ್ತಿದ್ದರು. ಅದಕ್ಕೆ ಕಾರಣ ನನ್ನ ಯೋಗ್ಯತೆಯಲ್ಲ, ನನ್ನ ಇಂಗ್ಲಿಷು.

ಯುದ್ಧಕ್ಕಿಂತ ಮೊದಲು ಮುಂಬಯಿಯಲ್ಲಿ ಒಬ್ಬ ಶೇಠನ ಕಾರು ಓಡಿಸುತ್ತಿದ್ದಾಗ ಸಾಹೇಬರು ಆತನ ಜೊತೆ ಒಂದು ಮೋಟಾರು ರೇಸು ನೋಡಿದ್ದರು. ಒಂದೇ ಒಂದು. ಆ ಹುಚ್ಚು ಮಾತ್ರ ಜನ್ಮಕ್ಕೆ ಸಾಕಾಗುವಷ್ಟು ಹಿಡಿದಿತ್ತು. ಶಿರಸಿಯಲ್ಲಿದ್ದ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ವಿಲಾಯತಿನಿಂದ ಮೋಟಾರು ಪತ್ರಿಕೆ ತರಿಸುತ್ತಿದ್ದರು. ಹಡಗಿನ ಟಪಾಲಿನಲ್ಲಿ ಅದು ಬರುವ ಹೊತ್ತಿಗೆ ಎರಡು ತಿಂಗಳು ಹಳಸಿರುತ್ತಿತ್ತು. ಅವರು ಓದಿ ಮುಗಿಸಿದ ಮೇಲೆ ಅವರ ಜವಾನ ಕಟ್ಟನ್ನು ನಮ್ಮ ಶೆಡ್ಡಿಗೆ ತಂದು ಹಾಕುತ್ತಿದ್ದ. ಭಾನುವಾರ ಮಧ್ಯಾಹ್ನ ನಾನು ಅದನ್ನು ಓದಿ ಕನ್ನಡದಲ್ಲಿ ಹೇಳಬೇಕು. ಕೇಳುವವರು ಮೂವರು: ಸಾಹೇಬರು, ಪಕ್ಕದ ಪಂಕ್ಚರ್ ಅಂಗಡಿಯವ, ಮತ್ತೆ ನಮ್ಮ ಸಣ್ಣ ಡ್ರೈವರು. ಪಂಕ್ಚರ್ ಅಂಗಡಿಯವ ಕುಮಟೆಯಿಂದ ಬಂದವನು, ಎಲ್ಲದಕ್ಕೂ ಅಡ್ಡ ಮಾತಾಡುವವನು. ಸಣ್ಣ ಡ್ರೈವರು ಬನವಾಸಿ ಕಡೆಯ ಒಕ್ಕಲು ಮನೆತನದವನು. ಸ್ಟೇರಿಂಗ್ ಹಿಡಿಯುವುದನ್ನು ಸಾಹೇಬರೇ ಅವನಿಗೆ ಕಲಿಸಿದ್ದರು.

ಓದುವುದಕ್ಕೆ ಸಾಹೇಬರದೊಂದು ಕಾಯಿದೆ ಇತ್ತು. ರೇಸಿನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬೇಕು. ಉಳಿದರ್ಧ ಮುಂದಿನ ಭಾನುವಾರ. ನಡುವೆ ಒಂದು ವಾರ ಪೂರ್ತಿ ನಾಲ್ಕೂ ಜನ ವಾದ ಮಾಡಬೇಕು. ನಾನು ಮುಂದಿನ ಪುಟ ಓದಿರುತ್ತಿದ್ದೆ ನಿಜ, ಆದರೆ ಬಾಯಿ ಬಿಡುವ ಹಾಗಿಲ್ಲ. ‘ಎರಡು ತಿಂಗಳು ತಡೆದದ್ದು ಒಂದು ವಾರ ತಡೆದ್ರೆ ಕೆಟ್ಟು ಹೋಗ್ತದಾ? ಗೆದ್ದವ ಯಾರು ಅಂತ ಗೊತ್ತಾದ ಮೇಲೆ ಎಲ್ರಿಗೂ ಬುದ್ಧಿ ಬರ್ತದೆ. ಗೊತ್ತಾಗೂ ಮೊದ್ಲು ಏನು ಹೇಳ್ತೀರಿ, ಅದು ನಿಮ್ಮ ಬುದ್ಧಿ’ ಎನ್ನುತ್ತಿದ್ದರು.

ಐವತ್ತಾರನೇ ಇಸವಿಯ ಕೊನೆಯ ರೇಸು ಇಟಲಿಯಲ್ಲಿ ನಡೆದಿತ್ತು. ಆ ವರ್ಷದ ಚಾಂಪಿಯನ್ ಯಾರು ಎಂದು ತೀರ್ಮಾನವಾಗುವುದು ಅದರಲ್ಲೇ. ಪತ್ರಿಕೆ ನಮ್ಮ ಕೈಗೆ ಬಂದಾಗ ಡಿಸೆಂಬರು. ನಾನು ಓದಿದೆ: ಒಂದೇ ಕಂಪನಿಯ ಕಾರು ಓಡಿಸುವ ಇಬ್ಬರು, ಒಬ್ಬ ಹಿಂದೆ ಮೂರು ಸಲ ಚಾಂಪಿಯನ್ ಆದ ಹಿರಿಯ, ಇನ್ನೊಬ್ಬ ಇಂಗ್ಲೆಂಡಿನ ಇಪ್ಪತ್ತನಾಲ್ಕರ ಹುಡುಗ. ಇಬ್ಬರಿಗೂ ಪಟ್ಟದ ಮೇಲೆ ಆಸೆಯಿದೆ. ನಡುವೆ ಹಿರಿಯನ ಕಾರಿನ ಸ್ಟೇರಿಂಗ್ ಕೆಟ್ಟು ಅವನು ದಾರಿಯ ಬದಿಯಲ್ಲಿ ಕಂಪನಿಯ ಮಿಸ್ತ್ರಿಗಳಿರುವ ಜಾಗಕ್ಕೆ ಬಂದು ನಿಂತಿದ್ದಾನೆ. ಹುಡುಗ ಟಾಯರು ತೋರಿಸಲು ಅಲ್ಲಿಗೇ ಬಂದು ಕಾರು ನಿಲ್ಲಿಸಿದ್ದಾನೆ. ತಾನು ಇಳಿದು ಕಾರನ್ನು ಹಿರಿಯನಿಗೆ ಬಿಟ್ಟುಕೊಡಬಹುದು, ಆಗಿನ ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಕೊಟ್ಟರೆ ತನ್ನ ಆಸೆ ಮುಗಿಯಿತು. ಅಲ್ಲಿಗೆ ನಾನು ಪತ್ರಿಕೆ ಮಡಚಿದೆ.

ಆ ವಾರ ಶೆಡ್ಡಿನಲ್ಲಿ ಟಿಕೆಟ್ಟಿನ ಕೆಲಸ ಸರಿಯಾಗಿ ನಡೆಯಲಿಲ್ಲ.

‘ಕೊಡೂಕೆ ಅವಗೆಂತ ಮಳ್ಳಾ ಮಾರಾಯ್ರೆ? ಕೈಗ್ ಬಂದದ್ದ ಯಾರ್ ಬಿಡ್ತ್ರು?’ ಎಂದ ಪಂಕ್ಚರ್ ಅಂಗಡಿಯವ.

‘ಕೊಡ್ತಾನ್ರಿ’ ಎಂದ ಸಣ್ಣ ಡ್ರೈವರು. ‘ಹಿರ್ಯಾ ಎದುರಿಗೆ ನಿಂತಿರ್ಬೇಕಾದ್ರ ಅಂವ ಹ್ಯಾಂಗ ಕುಂತಿರ್ತಾನ?’

ಸಾಹೇಬರು ನಾಲ್ಕು ದಿನ ಏನೂ ಹೇಳಲಿಲ್ಲ. ಐದನೆಯ ದಿನ ಯಲ್ಲಾಪುರದ ಟ್ರಿಪ್ಪು ಮುಗಿಸಿ ಬಂದು ಬೆಂಚಿನ ಮೇಲೆ ಕೂತು ಹೇಳಿದರು: ‘ಕೊಡೂದು ಬಿಡೂದು ಹುಡುಗನ ಮರ್ಜಿ. ಆ ಮುದುಕ ತಗೋಬಾರ್ದು. ಮೂರು ಸಲ ಉಂಡವ ನಾಕನೇ ಸಲ ಇನ್ನೊಬ್ಬನ ಎಲೆಗೆ ಕೈ ಹಾಕಿದ್ರೆ ಅವ ಎಂಥಾ ಹಿರಿಯ?’

ಭಾನುವಾರ ಉಳಿದದ್ದನ್ನು ಓದಿದೆ. ಹುಡುಗ ಇಳಿದು ಕೊಟ್ಟಿದ್ದ. ಹಿರಿಯ ಹತ್ತಿ ಓಡಿಸಿದ್ದ, ಎರಡನೆಯವನಾಗಿ ಮುಗಿಸಿ ನಾಲ್ಕನೇ ಸಲ ಚಾಂಪಿಯನ್ ಆಗಿದ್ದ. ತನಗಿನ್ನೂ ವಯಸ್ಸಿದೆ, ಮುಂದೆ ಬೇಕಾದಷ್ಟು ಕಾಲವಿದೆ ಎಂಬುದು ಹುಡುಗನ ವಿಚಾರವಾಗಿತ್ತು. ಸಣ್ಣ ಡ್ರೈವರು ತನ್ನ ಮಾತು ಗೆದ್ದ ಖುಷಿಯಲ್ಲಿ ಎಲ್ಲರಿಗೂ ಚಹಾ ಹೇಳಿದ. ಸಾಹೇಬರು ಕುಡಿಯಲಿಲ್ಲ.

ಮಾರನೆಯ ವರ್ಷ ಮಳೆಗಾಲ ಮುಗಿದ ಮೇಲೆ ಧಣಿಗಳು ಒಂದು ಹೊಸ ಡೀಸೆಲ್ ಬಸ್ಸು ತಂದರು. ಶಿರಸಿ–ಯಲ್ಲಾಪುರದ ದಾರಿಗೆ ಅದು ಎಂದಾಯಿತು. ಅಲ್ಲಿ ಓಡುತ್ತಿದ್ದ ಎರಡು ಹಳೆಯ ಬಸ್ಸುಗಳಲ್ಲಿ ಒಂದನ್ನು ಗುಜರಿಗೆ ಹಾಕಿ, ಇನ್ನೊಂದನ್ನು ಕುಮಟೆಗೆ, ಅಂದರೆ ದೇವಿಮನೆ ಘಟ್ಟಕ್ಕೆ ಬಿಡುವುದು ಎಂದೂ ಆಯಿತು. ಆ ಹಳೆಯ ಬಸ್ಸಿನ ಬ್ರೇಕಿನ ಮೇಲೆ ಯಾರಿಗೂ ನಂಬಿಕೆಯಿರಲಿಲ್ಲ. ಇಳಿಜಾರಿನಲ್ಲಿ ಕ್ಲೀನರ್ ಮರದ ತುಂಡು ಹಿಡಿದು ಹಿಂದಿನ ಬಾಗಿಲಲ್ಲಿ ನಿಂತಿರಬೇಕು, ಬಸ್ಸು ಜಾರಿದರೆ ಹಾರಿ ಗಾಲಿಗೆ ಅಡ್ಡ ಕೊಡಬೇಕು. ಧಣಿಗಳು ಶೆಡ್ಡಿಗೆ ಬಂದು, ಹೊಸ ಬಸ್ಸು ಸಣ್ಣ ಡ್ರೈವರಿಗೆ ಎಂದರು. ಸಾಹೇಬರಿಗೆ ವಯಸ್ಸಾಯಿತು, ಕಣ್ಣೂ ಮೊದಲಿನ ಹಾಗಿಲ್ಲ, ಹೊಸ ಗಾಡಿಗೆ ಹೊಸ ಕೈ ಇರಲಿ ಎಂದು ಅವರ ಲೆಕ್ಕ. ಕಣ್ಣು ಮಂದವಾದವರನ್ನು ಘಟ್ಟಕ್ಕೆ ಕಳಿಸುವುದು ಯಾವ ಲೆಕ್ಕವೋ ನನಗೆ ಇವತ್ತಿಗೂ ತಿಳಿದಿಲ್ಲ.

ಆಗ ಸಣ್ಣ ಡ್ರೈವರು ಎಲ್ಲರೆದುರು ಹೇಳಿದ: ‘ಹೊಸಾ ಗಾಡಿ ಸಾಹೇಬ್ರಿಗೆ ಕೊಡ್ರಿ. ಘಟ್ಟ ನಾ ಇಳಸ್ತೀನಿ. ನಂಗೇನ್ರಿ, ಇನ್ನೂ ಬೇಕಾದಷ್ಟು ಟೈಮ್ ಐತಿ.’

ಆ ಮಾತು ಎಲ್ಲಿಂದ ಬಂತು ಎಂದು ನಮಗೆ ನಾಲ್ವರಿಗೂ ಗೊತ್ತಿತ್ತು. ಪಂಕ್ಚರ್ ಅಂಗಡಿಯವ ಸಾಹೇಬರ ಮುಖ ನೋಡಿದ. ನಾನೂ ನೋಡಿದೆ. ಅವರು ಬೇಡ ಎನ್ನುತ್ತಾರೆ ಎಂದು ಕಾದೆವು. ಅವರು ಹೊಸ ಬಸ್ಸಿನ ಸುತ್ತ ಒಂದು ಸುತ್ತು ಬಂದರು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಬಾಗಿಲು ತೆರೆದು ಹತ್ತಿ ಸೀಟಿನ ಮೇಲೆ ಕೂತು ಸ್ಟೇರಿಂಗಿನ ಮೇಲೆ ಆ ಸೊಟ್ಟ ಕೈ ಇಟ್ಟರು. ಇಳಿಯಲಿಲ್ಲ.

ಸಂಜೆ ನನ್ನ ಮೇಜಿನ ಹತ್ತಿರ ಬಂದು ನಿಂತರು. ನಾನು ಏನೂ ಕೇಳಿರಲಿಲ್ಲ. ‘ಬೆಂಚಿನ ಮೇಲೆ ಕೂತವನಿಗೆ ಎಲ್ಲ ಸಲೀಸು ಹೆಗಡೇರೇ. ಇಪ್ಪತ್ತೆಂಟು ವರ್ಷ ಆಯ್ತು, ಒಂದು ಸಲನೂ ಹೊಸ ಗಾಡಿ ನನ್ನ ಕೈಗೆ ಬಂದಿರ್ಲಿಲ್ಲ. ಆ ಇಟಲಿ ರೇಸಿನ ಮುದುಕನಿಗೂ ಹೀಗೇ ಸುಸ್ತಾಗಿರ್ಬೇಕು’ ಎಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಅನಿಸಿತು.

ಅಲ್ಲಿಂದ ಮುಂದೆ ಪತ್ರಿಕೆ ಬಂದ ಕೂಡಲೇ ಅವರ ಮೊದಲ ಪ್ರಶ್ನೆ ಬದಲಾಯಿತು. ಯಾರು ಗೆದ್ದರು ಎಂದಲ್ಲ. ‘ನಮ್ಮ ಇಂಗ್ಲಿಷ್ ಹುಡುಗ ಏನ್ ಮಾಡಿದ? ಈ ಸಲನಾದ್ರೂ ಪಟ್ಟ ಸಿಗ್ತದಾ?’ ಆ ಹುಡುಗ ಒಮ್ಮೆ ಚಾಂಪಿಯನ್ ಆಗಿಬಿಟ್ಟರೆ ಇಟಲಿ ರೇಸಿನ ಹಿರಿಯ ತೆಗೆದುಕೊಂಡದ್ದು ತಿರುಗಿ ಕೊಟ್ಟ ಹಾಗೆ, ತಾವು ತೆಗೆದುಕೊಂಡದ್ದೂ ಅಷ್ಟೊಂದು ತಪ್ಪಲ್ಲ ಎಂದು ಅವರ ಮನಸ್ಸಿನಲ್ಲಿತ್ತು. ಅವರು ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಇತ್ತ ಸಣ್ಣ ಡ್ರೈವರು ದಿನಾ ಬೆಳಿಗ್ಗೆ ಘಟ್ಟ ಇಳಿದು, ಸಂಜೆ ಐದಕ್ಕೆ ಘಟ್ಟ ಹತ್ತಿ ಬರುತ್ತಿದ್ದ.

ಐವತ್ತೆಂಟರ ಅಕ್ಟೋಬರಿನಲ್ಲಿ ಬಂದ ಸಂಚಿಕೆಯನ್ನು ನಾನು ಶನಿವಾರವೇ ತೆರೆದೆ. ಕಪ್ಪು ಚೌಕಟ್ಟಿನಲ್ಲಿ ಆ ಹುಡುಗನ ಫೋಟೋ ಇತ್ತು. ಜರ್ಮನಿಯ ರೇಸಿನಲ್ಲಿ ಕಾರು ರಸ್ತೆ ಬಿಟ್ಟು ಹಾರಿ ಸತ್ತುಹೋಗಿದ್ದ. ಇಪ್ಪತ್ತಾರು ವರ್ಷ. ಪಟ್ಟ ಸಿಕ್ಕಿರಲಿಲ್ಲ.

ನಾನು ಆ ಸಂಚಿಕೆಯನ್ನು ಟಿಕೆಟ್ ಪುಸ್ತಕಗಳ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಭಾನುವಾರ, ಟಪಾಲು ತಪ್ಪಿಹೋಗಿದೆಯಂತೆ ಎಂದೆ. ಸಾಹೇಬರಿಗೆ ನೋವಾಗುತ್ತದೆ ಎಂದು ಹಾಗೆ ಮಾಡಿದೆ ಎಂಬುದು ನಿಜ. ಅದರ ಹಿಂದೆ ಇನ್ನೊಂದು ಇತ್ತು, ಈಗ ಮುಚ್ಚಿಟ್ಟು ಏನಾಗಬೇಕು? ಈ ಸುದ್ದಿ ಹೇಳಿದರೆ ಭಾನುವಾರದ ಬೆಂಚು ಮುರಿಯುತ್ತದೆ ಎಂದು ಹೆದರಿದ್ದೆ. ವಾರವಿಡೀ ಮೂರಾಣೆ ನಾಲ್ಕಾಣೆಯ ಚೀಟಿ ಹರಿಯುವ ನನಗೆ, ಮೂರು ಜನ ನನ್ನ ಬಾಯಿಯನ್ನೇ ನೋಡುತ್ತ ಕೂರುವ ಮಧ್ಯಾಹ್ನ ಅದೊಂದೇ.

ಒಂದು ಸುಳ್ಳಿಗೆ ದಿನಾ ಮೇವು ಹಾಕಬೇಕು. ‘ಹುಡುಗ ಈ ರೇಸಿಗೆ ಬಂದಿಲ್ಲ ಸಾಹೇಬರೇ.’ ‘ಕಾರು ರಿಪೇರಿಯಲ್ಲಿದೆಯಂತೆ.’ ‘ಈ ವರ್ಷ ಬೇರೆ ಕಂಪನಿ ನೋಡುತ್ತಿದ್ದಾನಂತೆ.’ ಹೇಳಿ ಹೇಳಿ ನನಗೇ ಸಾಕಾಗಿಹೋಯಿತು. ಭಾನುವಾರ ಬಂದರೆ ತಲೆನೋವು ಬರತೊಡಗಿತು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ಹೆಂಡತಿಗೆ ಒಮ್ಮೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೂತವಳು ತಲೆ ಎತ್ತಲಿಲ್ಲ. ‘ಎಂತಕ್ಕೆ ಹಿಂಗೆ ಮಾಡ್ತ್ರಿ? ಆ ಮನಷ್ಯಂಗೆ ಹೇಳ್ಬಿಡಿ. ಸತ್ತವ್ನ ಎಷ್ಟ್ ದಿನ ಹೇಳಿ ಬದುಕಿಸ್ತ್ರಿ?’ ಎಂದಳು.

ಆದರೂ ನಾನು ಹೇಳಲಿಲ್ಲ.

ಐವತ್ತೊಂಬತ್ತರ ಕೊನೆಯ ರೇಸು ಅಮೆರಿಕದಲ್ಲಿ ಆಗಿತ್ತು. ಅದರ ಕಥೆ ನಮ್ಮ ಶೆಡ್ಡಿಗೆ ಬಂದದ್ದು ಅರವತ್ತರ ಮಾರ್ಚಿನಲ್ಲಿ. ಅಲ್ಲಿಯೂ ಚಾಂಪಿಯನ್ ಯಾರೆಂದು ಕೊನೆಯ ದಿನವೇ ನಿರ್ಧಾರವಾಗಬೇಕಿತ್ತು. ಮುಂದಿದ್ದವನ ಕಾರಿನ ಪೆಟ್ರೋಲು ಕೊನೆಯ ಸುತ್ತಿನಲ್ಲಿ ಖಾಲಿ. ಅಲ್ಲಿಗೆ ನಿಲ್ಲಿಸಿದ್ದೆ. ಒಂದು ವಾರದ ವಾದದ ನಂತರ ಉಳಿದದ್ದು ಓದಿದೆ: ಅವನು ಇಳಿದು, ಏರು ರಸ್ತೆಯಲ್ಲಿ ಒಬ್ಬನೇ ಕಾರು ತಳ್ಳಿಕೊಂಡು ಹೋಗಿ ಗೆರೆ ದಾಟಿ ಬಿದ್ದಿದ್ದ. ನಾಲ್ಕನೆಯವನಾದರೂ ಪಟ್ಟ ಅವನಿಗೇ ಸಿಕ್ಕಿತ್ತು.

ಪಂಕ್ಚರ್ ಅಂಗಡಿಯವ ತೊಡೆ ತಟ್ಟಿಕೊಂಡು ನಕ್ಕ. ‘ಹಂಗಾರೆ ನಮ್ಮ ಕುಮಟಿ ಬಸ್ಸಿನ ಪ್ಯಾಸೆಂಜರ್ ಎಲ್ಲ ಚಾಂಪಿಯನ್ನೇ ಮಾರಾಯ್ರೆ! ದಿನಾ ತಳ್ಳೂದೇ ಅಲ್ದಾ?’

ನಾನೂ ನಕ್ಕೆ. ಸಾಹೇಬರೂ ಸಣ್ಣಗೆ ನಕ್ಕರು. ಸಣ್ಣ ಡ್ರೈವರು ಅವತ್ತು ಇರಲಿಲ್ಲ, ಆ ಭಾನುವಾರವೂ ಕುಮಟೆ ಬಸ್ಸು ಬಿಟ್ಟಿದ್ದರು. ನಗು ಮುಗಿದ ಮೇಲೆ ಸಾಹೇಬರು ಎಂದಿನಂತೆ ಕೇಳಿದರು: ‘ನಮ್ಮ ಹುಡುಗನ ಹೆಸ್ರು ಇದ್ರಲ್ಲೂ ಇಲ್ವಾ ಹೆಗಡೇರೇ? ಒಂದೂವರೆ ವರ್ಷ ಆಗ್ತಾ ಬಂತು.’

ನನಗೆ ದಣಿವಾಗಿತ್ತು. ಧೈರ್ಯ ಬಂತು ಎಂದರೆ ಸುಳ್ಳಾಗುತ್ತದೆ. ಇನ್ನೊಂದು ಸುಳ್ಳು ಹುಡುಕುವ ತ್ರಾಣ ಇರಲಿಲ್ಲ, ಅಷ್ಟೆ. ಎದ್ದು ಕಪಾಟಿನ ಬೀಗ ತೆಗೆದು ಆ ಸಂಚಿಕೆ ತಂದು ಅವರ ತೊಡೆಯ ಮೇಲಿಟ್ಟೆ. ಇಂಗ್ಲಿಷು ಬಾರದಿದ್ದರೂ ಕಪ್ಪು ಚೌಕಟ್ಟು ಅವರಿಗೆ ಅರ್ಥವಾಯಿತು.

‘ಯಾವಾಗ?’ ಎಂದರು.

‘ಒಂದೂವರೆ ವರ್ಷದ ಮೇಲಾಯಿತು.’

‘ಪಟ್ಟ?’

‘ಇಲ್ಲ.’

ಬೈಯುತ್ತಾರೆ ಎಂದುಕೊಂಡೆ. ಅವರು ಪತ್ರಿಕೆ ಮುಚ್ಚಿ ಗೋಡೆಯ ಗಡಿಯಾರ ನೋಡಿದರು. ನಾಲ್ಕು ಗಂಟೆಯಾಗಿತ್ತು. ‘ಈಗ ನಮ್ಮವ ಎಲ್ಲಿ ಬಂದಿರ್ತಾನೆ?’ ಎಂದು ಕೇಳಿದರು.

‘ಘಟ್ಟದಲ್ಲಿ’ ಎಂದೆ.

ಅವರು ಎದ್ದು ಕುಮಟೆ ರಸ್ತೆಯ ಬದಿಗೆ ಹೋಗಿ ನಿಂತರು. ನಾನು ಹಿಂದೆ ಹೋದೆ. ಐದಾಯಿತು, ಬಸ್ಸು ಬರಲಿಲ್ಲ. ಐದೂವರೆಯಾಯಿತು. ಆ ದಾರಿಯಿಂದ ಬಂದ ಲಾರಿಯವನನ್ನು ಕೈ ಅಡ್ಡ ಮಾಡಿ ನಿಲ್ಲಿಸಿ ಕೇಳಿದರು, ಅವನು ಬೇರೆ ದಾರಿಯಿಂದ ಬಂದು ಕೂಡಿಕೊಂಡವನು, ಬಸ್ಸು ನೋಡಿರಲಿಲ್ಲ. ಕೂರಿ ಎಂದು ಒಂದು ಕಲ್ಲು ತೋರಿಸಿದೆ. ಕೂರಲಿಲ್ಲ. ಆಗ ನನ್ನ ಕಡೆ ತಿರುಗದೆ ರಸ್ತೆಯನ್ನೇ ನೋಡುತ್ತ ಹೇಳಿದರು:

‘ಒಂದೂವರೆ ವರ್ಷ ನೀವು ಕಪಾಟಿಗೆ ಬೀಗ ಹಾಕಿದ್ರಿ. ಒಂದೂವರೆ ವರ್ಷ ಅವ ಘಟ್ಟ ಇಳಿದ. ಟೈಮ್ ಇದೆ ಅಂತ ಹೇಳಿದವನಿಗೆ ಟೈಮ್ ಇರ್ಲಿಲ್ಲ ಅಂತ ಗೊತ್ತಾಗಿದ್ರೆ, ನಾನು ಮರುದಿವ್ಸವೇ ಈ ಕೆಲಸ ಮಾಡ್ತಿದ್ದೆ.’

ಯಾವ ಕೆಲಸ ಎಂದು ನಾನು ಕೇಳಲಿಲ್ಲ. ಅಷ್ಟು ದಿನ ನಾನು ಒಬ್ಬ ಮುದುಕನ ಮನಸ್ಸು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಅದರ ಬೆಲೆಗೆ ಇನ್ನೊಬ್ಬನ ಜೀವ ಅಡವಿಟ್ಟದ್ದು ಅಲ್ಲಿ ರಸ್ತೆಯ ಬದಿಯಲ್ಲಿ ನಿಂತಾಗ ಹೊಳೆಯಿತು.

ಏಳಕ್ಕೆ ಸ್ವಲ್ಪ ಮೊದಲು, ಇನ್ನೂ ಮಬ್ಬು ಬೆಳಕಿರುವಾಗ ಬಸ್ಸು ಬಂತು. ಬೆಳಿಗ್ಗೆ ಇಳಿಯುವಾಗಲೇ ಬ್ರೇಕು ಸುಟ್ಟ ವಾಸನೆ ಬಂದು, ಘಟ್ಟದ ನಡುವೆ ಎರಡು ಗಂಟೆ ನಿಲ್ಲಿಸಿದ್ದನಂತೆ. ಅಲ್ಲಿಂದ ಇಡೀ ದಿನ ತಡ. ಸಣ್ಣ ಡ್ರೈವರು ಇಳಿದಾಗ ಅವನ ಮುಖದ ತುಂಬ ಧೂಳು, ಬಿಳಿ ಕಂಡದ್ದು ಕಣ್ಣು ಮಾತ್ರ. ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕೈ ಚಾಚಿದರು.

‘ಕೀಲಿ ಕೊಡು. ನಾಳೆಯಿಂದ ಇದು ನಂದು. ಯಲ್ಲಾಪುರದ್ದು ನೀನು ನೋಡ್ಕೋ.’

‘ಯಾಕ್ರಿ ಸಾಹೇಬ್ರ? ನಾ ಏನ್ ತಪ್ಪ್ ಮಾಡೇನಿ?’

‘ತಪ್ಪು ಮಾಡಿದವ ನೀನಲ್ಲ. ಕೀಲಿ ಕೊಡು.’

ಧಣಿಗಳು ಕೂಗಾಡಿದರು. ಕಣ್ಣು ಕಾಣದವನ ಕೈಯಲ್ಲಿ ಘಟ್ಟದ ಬಸ್ಸು ಕೊಡಲಾರೆ ಎಂದರು. ‘ಹಾಗಾದ್ರೆ ಬ್ರೇಕ್ ಮಾಡಿಸಿ ಕೊಡಿ. ಒಳ್ಳೇ ಬ್ರೇಕಿಗೆ ಮಂದ ಕಣ್ಣು ಸಾಕು, ಈ ಬ್ರೇಕಿಗೆ ಯಾರ ಕಣ್ಣೂ ಸಾಲೂದಿಲ್ಲ’ ಎಂದರು ಸಾಹೇಬರು. ಮೂರು ದಿನ ಕುಮಟೆ ಬಸ್ಸು ಶೆಡ್ಡು ಬಿಟ್ಟು ಕದಲಲಿಲ್ಲ. ಸಾಹೇಬರು ಅದರ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದರು. ನಾಲ್ಕನೆಯ ದಿನ ಹುಬ್ಬಳ್ಳಿಯಿಂದ ಸಾಮಾನು ಬಂತು, ಮಿಸ್ತ್ರಿ ಬಂದ, ಬ್ರೇಕು ಹೊಸದಾಯಿತು. ಹೀಗೆ ಕೂತು ಹಟ ಮಾಡುವುದನ್ನು ಎರಡೂವರೆ ವರ್ಷ ಮೊದಲೇ ನಮ್ಮಲ್ಲಿ ಯಾರಾದರೂ ಮಾಡಬಹುದಿತ್ತು. ನಾವು ಇಟಲಿಯ ಬಗ್ಗೆ ವಾದ ಮಾಡುತ್ತಿದ್ದೆವು.

ಸಾಹೇಬರು ಎರಡು ವರ್ಷ ಘಟ್ಟದ ಬಸ್ಸು ಓಡಿಸಿದರು. ದಿನಾ ತಡ. ಪ್ಯಾಸೆಂಜರುಗಳು ಬೈಯುತ್ತಿದ್ದರು, ನಡೆದುಕೊಂಡು ಹೋದರೆ ಬೇಗ ಮುಟ್ಟುತ್ತೇವೆ ಎಂದು ನನ್ನ ಕಿಟಕಿಗೆ ಬಂದು ಹೇಳುತ್ತಿದ್ದರು. ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿದ ದಿನವೇ ಕೀಲಿ ತಂದು ನನ್ನ ಮೇಜಿನ ಮೇಲಿಟ್ಟು, ಯಲ್ಲಾಪುರದಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಅರಣ್ಯ ಅಧಿಕಾರಿಗಳಿಗೆ ಅಷ್ಟರಲ್ಲಿ ವರ್ಗವಾಗಿ ಪತ್ರಿಕೆಯೂ ನಿಂತಿತ್ತು. ಬೆಂಚಿನ ಮೇಲೆ ಪಂಕ್ಚರ್ ಅಂಗಡಿಯವ ಹಳೆಯ ಟಾಯರು ಒಟ್ಟಿದ.

ಸಾಹೇಬರು ತೀರಿಕೊಂಡದ್ದು ಅರವತ್ತನಾಲ್ಕರ ಮಳೆಗಾಲದ ಕೊನೆಗೆ, ನಾಲ್ಕು ದಿನದ ಜ್ವರದಲ್ಲಿ. ಶಿರಸಿಯಿಂದ ಹೋಗುವವರಿಗಾಗಿ ಧಣಿಗಳೇ ಬಸ್ಸು ಬಿಟ್ಟರು. ಓಡಿಸಿದವನು ಸಣ್ಣ ಡ್ರೈವರು. ಸಣ್ಣ ಎನ್ನುವುದು ರೂಢಿ, ಅವನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಮಣ್ಣು ಮುಗಿದು ಜನ ಚದುರಿದ ಮೇಲೆ ಅವನನ್ನು ಬದಿಗೆ ಕರೆದೆ. ನಾಲ್ಕು ವರ್ಷದಿಂದ ಹೇಳಬೇಕೆಂದಿದ್ದ ಮಾತು ಅದು. ಆ ಹುಡುಗ ಸತ್ತ ಸುದ್ದಿ ನಾನು ಬಚ್ಚಿಟ್ಟಿದ್ದೆ, ಹೇಳಿದ್ದರೆ ನೀನು ಅಷ್ಟು ಕಾಲ ಆ ಬಸ್ಸಿನಲ್ಲಿ ಘಟ್ಟ ಇಳಿಯಬೇಕಿರಲಿಲ್ಲ ಎಂದೆ.

ಅವನು ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಕೊಡವಿದ.

‘ಗೊತ್ತೈತ್ರಿ. ಕೀಲಿ ಇಸಗೊಂಡ ದಿನಾನ ಸಾಹೇಬ್ರು ಎಲ್ಲಾ ಹೇಳ್ಯಾರು. “ಸುಳ್ಳು ಹೆಗಡೇರದ್ದು. ಅದರೊಳಗೆ ಆರಾಮಾಗಿ ಕೂತು ಹೋದವ ನಾನು. ಜೀವ ಹಿಡ್ಕೊಂಡು ಬ್ರೇಕ್ ಒತ್ತಿದವ ನೀನೊಬ್ನೇ. ಆದ್ರೂ ಅವರಿಗೆ ಏನೂ ಅನಬೇಡ” ಅಂದಿದ್ರು. ಅದಕ್ಕ ಅಂದಿಲ್ಲ.’

‘ನಿನಗೆ ನನ್ನ ಮೇಲೆ ಸಿಟ್ಟು ಬರಲಿಲ್ಲವೇ?’ ಎಂದೆ.

‘ಬಂದಿತ್ರಿ’ ಎಂದ. ವಸ್ತ್ರವನ್ನು ಮತ್ತೆ ತಲೆಗೆ ಸುತ್ತಿಕೊಂಡ. ‘ಈಗೂ ಐತಿ. ಬರ್ರಿ, ಬಸ್ ಬಿಡೂ ಹೊತ್ತಾತು.’

ನಾನು ಹೋಗಿ ಅವನ ಸೀಟಿನ ಹಿಂದೆ ಕೂತೆ.